ಕಲ್ಲಿಗೆ ಬಡಿದ ಮೊಳೆ

ಸೋಮವಾರ, ಬೆಳಿಗ್ಗೆ 7.30
ಮತ್ತೆ ಮಣ್ಣು ಕೆರೆಯುವುದು. ಹಳೇ ನೀರಿನ ಗಿರಣಿ — ಇದರ ಮೇಲೆ ಅಪಾರ್ಟ್‌ಮೆಂಟ್ ಏಳಬೇಕು. ಅದಕ್ಕೆ ಮೊದಲು ನಾವು ಅಗೆದು, ಅಳೆದು, ಬರೆದಿಡಬೇಕು. ಉಳಿದಿರುವುದು ಹನ್ನೊಂದು ದಿನ. ಗುಂಡಿಯ ತಳದಲ್ಲಿ ಬೀಸುವ ಕಲ್ಲು ಸಿಕ್ಕಿದೆ. ಆರು ಜನ ಹಾರೆ ಹಾಕಿದರೂ ಅಲುಗಲಿಲ್ಲ. ಇಷ್ಟು ಗಟ್ಟಿಯಾದದ್ದು ಇಲ್ಲಿ ಬೇರೇನಿದೆ? ಅದರ ಅಂಚಿನ ಸಂದಿಗೇ ಮೊಳೆ ಬಡಿದೆ. ಇನ್ನು ಎಲ್ಲ ಅಳತೆಯೂ ಆ ಮೊಳೆಯಿಂದ.

ಮಂಗಳವಾರ
ನಿನ್ನೆಯ ಅಳತೆಗೂ ಇವತ್ತಿನದಕ್ಕೂ ತಾಳೆಯಿಲ್ಲ. ಪಶ್ಚಿಮದ ಗೋಡೆ ನಾಲ್ಕು ಬೆರಳು ಹತ್ತಿರ, ಪೂರ್ವದ್ದು ಅಷ್ಟೇ ದೂರ. ಭಾವ — ಅಕ್ಕನ ಗಂಡ, ಇಲ್ಲಿ ಕ್ರೇನ್ ನಡೆಸುವವರು — ನಕ್ಕರು.
“ನಿನ್ನೆ ಕಣ್ಣು ಎಲ್ಲಿಟ್ಟಿದ್ದೆ ತಾಯಿ?”
ಮೈ ಉರಿಯಿತು. ಎಲ್ಲ ಹೊಡೆದುಹಾಕಿ ಮತ್ತೆ ಬರೆದೆ.

ಗುರುವಾರ
ದಿನಾ ನಾಲ್ಕು ಬೆರಳು. ಒಂದೇ ದಿಕ್ಕಿಗೆ. ಟೇಪ್ ಬದಲಾಯಿಸಿದೆ. ಗೋಡೆ ಜರುಗುತ್ತಿದೆಯೆಂದು ಆಸರೆ ಕೊಡಿಸಿದೆ. ಮಧ್ಯಾಹ್ನ ಕೈ ತೊಳೆಯುವಾಗ ಹೊಳೆಯಿತು... ಜರುಗುತ್ತಿರುವುದು ಗೋಡೆಯಲ್ಲ, ಮೊಳೆ. ಎಂಥ ದಡ್ಡಿ ನಾನು. ಕಲ್ಲು ತಿರುಗುತ್ತಿದೆ.
ಗುಂಡಿಯಲ್ಲಿ ಹನಿ ನೀರಿಲ್ಲ. ಕಲ್ಲಿನ ಅಂಚಿಗೆ ಬೆರಳಾಡಿಸಿದೆ. ಹಿಟ್ಟು. ಈಗಷ್ಟೇ ಬೀಸಿದ ಹಾಗೆ ಬೆಚ್ಚಗಿತ್ತು.

ಬುಧವಾರ
ಐದು ದಿನ ಬರೆಯಲಿಲ್ಲ. ಮುಖವಿರಲಿಲ್ಲ. ನಮ್ಮ ಅಗೆತದ ಮೇಲ್ವಿಚಾರಕ ಸಾಹೇಬರ ಮುಂದೆ ಕಲ್ಲಿನ ವಿಷಯ ಬಾಯಿಬಿಟ್ಟಿದ್ದೆ. ಅವರು ಗದರಿದರು.
“ಕಲ್ಲು ತಾನಾಗೇ ತಿರುಗ್ತು ಅಂತ ರಿಪೋರ್ಟಲ್ಲಿ ಬರೀತೀರಾ? ಆಮೇಲೆ ನಿಮಗೆ ಯಾರು ಕೆಲಸ ಕೊಡ್ತಾರೆ ಹೇಳಿ.”
ಕೂತು ಎಲ್ಲ ಅಳತೆಯನ್ನೂ ಮೊದಲ ದಿನದ್ದಕ್ಕೆ ಹೊಂದಿಸಿದೆ. ‘ಕಲ್ಲು ಕದಲುವುದಿಲ್ಲ, ಗುಂಡಿಗೆ ಇಳಿಯಬಹುದು’ ಎಂದು ಸಹಿ ಹಾಕಿದೆ. ನಾಳೆ ಕಲ್ಲು ಎತ್ತುತ್ತಾರೆ. ಸರಪಳಿ ಬಿಗಿಯಲು ಇಳಿಯುವವರು ಭಾವ ಎಂದು ಸಹಿಯಾದ ಮೇಲೆ ತಿಳಿಯಿತು.

ಗುರುವಾರ, 10.40
ಭಾವನಿಗೆ ಎಲ್ಲ ಹೇಳಿದೆ. ನಂಬಲಿಲ್ಲ.
“ಇಳೀಬಹುದು ಅಂತ ಬರೆದವಳು ನೀನೇ ತಾನೇ? ಮತ್ಯಾಕೆ ಅಳ್ತೀಯ?”
ಇಳಿದೇಬಿಟ್ಟರು.

10.55
ಗುಂಡಿಯ ಅಂಚಿನಲ್ಲಿದ್ದೇನೆ. ಸುಮ್ಮನಿರಲಾರದೆ ಬರೆಯುತ್ತಿದ್ದೇನೆ. ಭಾವನ ತಲೆ, ಹೆಗಲು ಎಲ್ಲ ಹಿಟ್ಟು ಮೆತ್ತಿ ಬಿಳಿ. ಸರಪಳಿ ಕೈಬಿಟ್ಟು ಎರಡೂ ಕೈ ಮುಂದೆ ಚಾಚಿ ನಿಂತಿದ್ದಾರೆ.
“ಸಾಕು ಭಾವ, ಮೇಲೆ ಬನ್ನಿ.”
“ಬಂದೆ ಇರು. ಇವರು ಚೀಲದ ಬಾಯಿ ಹಿಡ್ಕೋ ಅಂತಿದ್ದಾರೆ. ಇದೊಂದು ತುಂಬಲಿ.”
ಕೆಳಗಿರುವುದು ಭಾವ ಒಬ್ಬರೇ. ಏಣಿ ಇಳಿಯಬೇಕು ನಾನು. ಸಹಿ ನನ್ನದು. ಅಕ್ಕ ಕೇಳಿದರೆ —