ನಾಕಾದಲ್ಲಿ ನಿಲ್ಲುವವನು

ಶಹಾಬಾದ್
೧೨ ಜನವರಿ ೨೦೨೫

ಪ್ರೀತಿಯ ಅಮೃತಮ್ಮಳಿಗೆ,

ನಾನಿಲ್ಲಿ ಆರಾಮ. ಸೇಡಂನಲ್ಲಿ ನೀನು, ಬಾಣಂತಿ ಸರಿತಾ, ಕೂಸು ಎಲ್ಲರೂ ಚೆನ್ನಾಗಿದ್ದೀರೆಂದು ತಿಳಿದಿದ್ದೇನೆ. ಬರೆಯುವುದು ತಡವಾಯಿತು, ಸಿಟ್ಟಾಗಬೇಡ. ಫೋನಿನಲ್ಲಾದರೆ ನೀನು ಸ್ಪೀಕರ್ ಹಾಕುತ್ತೀ, ಬೀಗರ ಮನೆಯ ಮಂದಿಯೆಲ್ಲ ಕೇಳುತ್ತಾರೆ. ಅದಕ್ಕೇ ಕಾಗದ. ಮಗಳಿಂದ ಓದಿಸಬೇಡ, ಕನ್ನಡಕ ಹಾಕಿಕೊಂಡು ನೀನೇ ಓದು.

ಮಗ ಅಶೋಕಕುಮಾರ ನಿನ್ನ ಹತ್ತಿರ ನನ್ನ ದೂರು ಹೇಳಿದ್ದಾನೆಂದು ಗೊತ್ತು. ಹೌದು, ಕಲ್ಲು ಪಾಲಿಶ್ ಕಾರ್ಖಾನೆಯ ಗೇಟಿನ ಕೆಲಸ ಬಿಟ್ಟೆ. ಅವನು ಯಾರಯಾರದೋ ಕೈಕಾಲು ಹಿಡಿದು ಕೊಡಿಸಿದ್ದ, ಒಪ್ಪುತ್ತೇನೆ. ಆದರೆ ಕುರ್ಚಿಯಲ್ಲಿ ಕುಳಿತು ಬಂದಬಂದವರಿಗೆ ಸಲಾಮು ಹೊಡೆಯುವುದು ನನ್ನಿಂದಾಗದ ಮಾತು. ಫರಸಿಕಲ್ಲು ಹೊತ್ತು ಎಂದೂ ನೋಯದ ಸೊಂಟ ವಾರದೊಳಗೆ ಹಿಡಿದುಕೊಂಡಿತು. ಮತ್ತೆ ಕೂಲಿಯವರು ನಿಲ್ಲುವ ನಾಕಾಕ್ಕೆ ಹೋದೆ. ಬೆಳಿಗ್ಗೆ ಬುತ್ತಿ ಹಿಡಿದು ನಿಲ್ಲುವುದು, ಕರೆದವರ ಮುಖ ನೋಡಿ ಮನಸ್ಸಾದರೆ ಹೋಗುವುದು, ಇಲ್ಲದಿದ್ದರೆ ಚಹಾ ಕುಡಿದು ಮನೆಗೆ ಬರುವುದು. ಸಂಜೆಯಾದ ಮೇಲೆ ನಾನು ಯಾರ ಆಳೂ ಅಲ್ಲ. ಅವನನ್ನು ಓದಿಸಿದ್ದೂ ಹೀಗೆ ದುಡಿದೇ.

ಅವನು ಮನೆಗೆ ಬಂದು ಕೂಗಾಡಿದ. "ನಾ ಮುಕಾದಮ ಆಗಿ ಆಳು ಆರಸ್ಲಿಕ್ಕ ಬರ್ತೀನಿ, ನೀ ಆಳಿನ ಸಾಲಿನಾಗ ನಿಂತಿರ್ತಿ. ನನ್ನ ಮಾರಿ ಎಲ್ಲಿ ಇಟ್ಕೊಳ್ಳಲಿ?" ಅಂದ.

"ನಿನ್ನ ಮಾರಿ ನೀ ಕಾಯ್ಕೋ. ನಾ ಏನು ಕಳವು ಮಾಡಾಕತ್ತೀನೇನು?" ಅಂದೆ.

ನನ್ನ ಜೋಡಿ ಕಲ್ಲು ಹೊರುವ ಫಕೀರಸಾಬ ಬಾಗಿಲಲ್ಲಿ ನಿಂತು ನಕ್ಕ. ಮಗ ಊಟ ಬಿಟ್ಟು ಎದ್ದುಹೋದ. ನನಗೆ ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಲಿ.

ಈಗ ಫಕೀರಸಾಬನ ಹೆಂಡತಿ ರಶೀದಾಬೇಗಂ ರೊಟ್ಟಿ ಕೊಡುತ್ತಾಳೆ. ನಿನಗಿಂತ ತೆಳ್ಳಗೆ ಬಡಿಯುತ್ತಾಳೆ. ನಿನಗೆ ಉರಿಯಲೆಂದೇ ಬರೆದೆ.

ಬಾಣಂತಿ ಕಿವಿಗೆ ಬಟ್ಟೆ ಕಟ್ಟಿಕೊಳ್ಳಲಿ. ಕೂಸಿಗೆ ಅಜ್ಜನ ಆಶೀರ್ವಾದ. ಅದರ ತೋಳು ಗಟ್ಟಿಯಾಗಲಿ.

ನಿನ್ನ,
ಸಾಯಬಣ್ಣ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. ನಿನ್ನೆ ಬೆಳಿಗ್ಗೆ ಅಶೋಕ ನಾಕಾಕ್ಕೆ ಬಂದ. ಭಂಕೂರಿನಲ್ಲಿ ಮನೆ ಕಟ್ಟಿಸುವ ಸಾಹುಕಾರನೂ ಜೊತೆಗಿದ್ದ. ನನಗಿಂತ ಹಿರಿಯನಾದ ಫಕೀರಸಾಬನನ್ನು ಜೀಪು ಹತ್ತಿಸಿ, ನನ್ನನ್ನು ದಾಟಿ ಹೋದ. ಸಾಹುಕಾರ ನನ್ನ ಕಡೆ ಕೈ ಮಾಡಿ, "ಈ ಮುದುಕ ಗಟ್ಟಿ ಕಾಣ್ತಾನಲ್ಲ, ಯಾರಂವ?" ಅಂತ ಕೇಳಿದ.

"ಗೊತ್ತಿಲ್ರಿ. ದಿನಾ ಇಲ್ಲೇ ನಿಂತಿರ್ತಾನ" ಅಂದ ನಿನ್ನ ಮಗ.

ಸಾಹುಕಾರ ಕನಿಕರದಿಂದ ನನ್ನನ್ನೇ ಕೇಳಿದ. "ಈ ವಯಸ್ಸಿನಾಗ ದುಡೀಲಿಕತ್ತಿ, ಗಂಡು ಮಕ್ಕಳಿಲ್ಲೇನು?"

ಅಶೋಕನ ಮುಖ ಕಪ್ಪಿಟ್ಟಿತು. ಅವನನ್ನೇ ನೋಡುತ್ತ, "ಒಬ್ಬ ಇದ್ದನ್ರಿ. ಸತ್ತ" ಅಂದೆ.

ಪಾಪ ಅನ್ನಿಸಿ ಸಾಹುಕಾರ ನನ್ನನ್ನೂ ಹತ್ತಿಸಿಕೊಂಡ. ದಿನವಿಡೀ ಮಗನ ಕೈಕೆಳಗೆ ಕಲ್ಲು ಹೊತ್ತೆ. ಸಂಜೆ ಅವನೇ ಕೂಲಿ ಎಣಿಸಿ ಕೊಟ್ಟ. ತೆಗೆದುಕೊಂಡು, ಎಲ್ಲರೆದುರಿಗೆ ಅವನಿಗೆ ಸಲಾಮು ಹೊಡೆದೆ. ಉರಿಯಲೆಂದೇ ಹೊಡೆದೆ, ಅಮೃತಾ. ಆಗಿನಿಂದ ನನಗೆ ರೊಟ್ಟಿ ಇಳಿದಿಲ್ಲ.