ಬೇಲಿಯ ಇಸಾಲೆ

ಅಣ್ಣಾ,

ನೀನು ಮಣ್ಣಾಗಿ ಮೂರು ವರ್ಷವಾಯಿತು. ಇದನ್ನು ನೀನು ಓದುವುದಿಲ್ಲ ಎಂಬ ಧೈರ್ಯದಲ್ಲೇ ಬರೆಯುತ್ತಿದ್ದೇನೆ.

ಈಗ ತಾನೇ ನಿನ್ನ ಮಗಳು ಐಕಾಂಡೆ ಬಂದಿದ್ದಳು. ಬರುವ ತಿಂಗಳು ಅವಳ ಮದುವೆ. ಇಸಾಲೆ ಗಿಡದ ಎಲೆ ಹಿಡಿದು ಅಂಗಳದಲ್ಲೇ ನಿಂತಳು. ಆ ಎಲೆ ಹಿಡಿದು ಕ್ಷಮೆ ಕೇಳಿದವರಿಗೆ ನಮ್ಮ ಚಗ್ಗಾ ಜನ ಇಲ್ಲವೆನ್ನುವುದುಂಟೇ?

“ಬೇಲಿ ಸರಿಸಿದ್ರಿ ಅಂತ ಅಪ್ಪ ಊರೆದುರು ನಿಮ್ಮನ್ನ ಕಳ್ಳ ಅಂದ್ರಲ್ಲ ಚಿಕ್ಕಪ್ಪಾ, ಅವರ ಪರವಾಗಿ ತಪ್ಪಾಯ್ತು. ತಗೊಳ್ಳಿ.”

ನನ್ನ ಕೈ ಏಳಲಿಲ್ಲ. ಒಳಗಿಂದ ನನ್ನವಳು ರೇಗಿದಳು: “ಎಲೆ ಹಿಡಿದು ಬಂದೋಳನ್ನ ಬಿಸಿಲಲ್ಲಿ ನಿಲ್ಲಿಸ್ತಾರೇನ್ರೀ? ನೀವೇನು ದೊಡ್ಡ ಪಾಳೇಗಾರರಾ?”

“ಎಲ್ಲಿ ಕಿತ್ತೆ ಮಗಳೇ?” ಎಂದೆ, ಸುಮ್ಮನೆ ಹೊತ್ತು ಕಳೆಯಲು.

“ನಮ್ಮ ನಿಮ್ಮ ತೋಟದ ನಡುವಿನ ಬೇಲೀಲೇ. ಏನು ಹೂವು, ಏನು ಘಮ ಅಂತೀರಿ!”

ನೀನು ಮೋಶಿ ಸಂತೆಗೆ ಹೋದ ದಿನ ನಾನು ಕಿತ್ತು, ನಿನ್ನ ಬಾಳೆತೋಟದೊಳಗೆ ನಾಲ್ಕು ಹೆಜ್ಜೆ ಆಚೆ ನೆಟ್ಟ ಗಿಡಗಳವು.

ಎಲೆ ತೆಗೆದುಕೊಂಡೆ. ಅವಳು ಕಣ್ಣೊರೆಸಿಕೊಂಡು, ನಗುತ್ತ ಹೋದಳು.

ಆ ಎಲೆ ಇನ್ನೂ ನನ್ನ ಕೈಯಲ್ಲೇ ಇದೆ, ಅಣ್ಣಾ. ನಿನ್ನ ಮನೆ ಕೂಗಳತೆಯ ದೂರ. ಎರಡು ಸಲ ಎದ್ದೆ, ಎರಡು ಸಲವೂ ಕೂತೆ.