ಹಸಿ ಮದ್ದು

ನಜಾಸಾ ಗುಡ್ಡ, ಕ್ಯೂಬಾ
೧೪ ಜೂನ್ ೧೮೯೭

ಪ್ರೀತಿಯ ಟೆಕ್ಲಾ ಅಕ್ಕ,

ಕ್ಷೇಮವೇ ಎಂದು ಕೇಳಲು ಬಾಯಿ ಬರುವುದಿಲ್ಲ. ನಿನ್ನ ಮಗ ಅನ್ಸೆಲ್ಮೊ ತೀರಿಹೋಗಿ ಆರು ವಾರವಾಯಿತು. ದೀಕ್ಷಾಸ್ನಾನದ ದಿನ ಅವನನ್ನು ಎತ್ತಿಕೊಂಡು ನಿಂತ ಜ್ಞಾನತಾಯಿ ನಾನು, ನಿನಗೆ ಒಂದು ಸಾಲೂ ಬರೆಯಲಿಲ್ಲ. ಕಾಗದವಿರಲಿಲ್ಲ ಎಂದರೆ ಸುಳ್ಳು. ಧೈರ್ಯವಿರಲಿಲ್ಲ, ಕ್ಷಮಿಸು.

ಇಲ್ಲಿ ಮಳೆ ಬಿಟ್ಟೂಬಿಡದೆ ಹಿಡಿದಿದೆ. ಸ್ಪೇನಿನ ವಿರುದ್ಧ ಕಾದುವ ನಮ್ಮ ಪಡೆಗಾಗಿ ಗವಿಗಳಲ್ಲಿ ಬಾವಲಿ ಹಿಕ್ಕೆ ಕೆರೆದು ಪೆಟ್ಲುಪ್ಪು ತೆಗೆಯುತ್ತೇವೆ, ಇದ್ದಿಲು ಗಂಧಕ ಸೇರಿಸಿ ಬಂದೂಕಿನ ಮದ್ದು ಕುಟ್ಟುತ್ತೇವೆ. ಹಾರಿಸಿದ ತೋಟಾದ ಖಾಲಿ ಕೊಳವೆ ತಂದುಕೊಟ್ಟ ಸಿಪಾಯಿಗಷ್ಟೇ ತುಂಬಿದ್ದು ಸಿಗುತ್ತದೆ. ತಲೆಗೆ ಮೂರೋ ನಾಲ್ಕೋ, ಅಷ್ಟೇ. ಉಳಿದದ್ದಕ್ಕೆ ಮಚ್ಚು ಇದೆ.

ನಿನ್ನೆ ಬೆಳಿಗ್ಗೆ ಕ್ಯಾಪ್ಟನ್ ಲೆಯ್ವಾ ಬಂದು ಕೂಗಾಡಿದ. "ನಾಳೆ ಸ್ಪೇನಿನವರ ದಂಡು ಹೊಳೆ ದಾಟುತ್ತೆ. ಮುನ್ನೂರು ತೋಟಾ ಈಗ್ಲೇ ಬೇಕು, ರುಫೀನಾ!"

"ಮದ್ದು ಇನ್ನೂ ಹಸಿ. ಕೊಡಲ್ಲ."

"ನೀನೇನು ಜನರಲ್ಲಾ?"

"ಅಲ್ಲಪ್ಪ, ಅಡುಗೆಯವಳು. ಬೇಯದ್ದನ್ನ ಬಡಿಸಲ್ಲ."

ಅವನು ಪೆಟ್ಟಿಗೆಗೆ ಕೈ ಹಾಕಿದ. ನಾನು ಅದರ ಮೇಲೆ ಕೂತೇಬಿಟ್ಟೆ. "ಇವಳನ್ನ ಎತ್ತೋಕೆ ಎರಡು ಜೋಡಿ ಎತ್ತು ಬೇಕು ಸ್ವಾಮಿ, ಬಿಡಿ," ಎಂದು ನನ್ನ ಜೊತೆ ಮದ್ದು ಕುಟ್ಟುವ ಮುದುಕ ತಿಬುರ್ಸಿಯೊ ಹಲ್ಲು ಕಿರಿದ. ಕ್ಯಾಪ್ಟನ್ ನಗಲಿಲ್ಲ. ಸಂಜೆಯವರೆಗೆ ಗಡುವು ಕೊಟ್ಟ.

ಬಿಸಿಲಂತೂ ಇಲ್ಲ. ಮರಗೆಣಸಿನ ರೊಟ್ಟಿ ಸುಡುವ ದೊಡ್ಡ ಹೆಂಚುಗಳನ್ನು ಕಾಯಿಸಿ, ಒಲೆಯಿಂದ ದೂರ ಹೊತ್ತು ತಂದು, ಅಂಗೈಗೆ ತಡೆಯುವಷ್ಟು ಆರಿದ ಮೇಲೆ ಮದ್ದನ್ನು ತೆಳ್ಳಗೆ ಹರಡಿದೆವು. ಒಂದು ಕಿಡಿ ಹಾರಿದ್ದರೆ ಎಲ್ಲರೂ ಒಟ್ಟಿಗೇ ಸ್ವರ್ಗಕ್ಕೆ! ಚಿಟಿಕೆ ಚಿಟಿಕೆ ತೆಗೆದು ದೂರದ ಕೆಂಡಕ್ಕೆ ಹಾಕಿ ನೋಡಿದೆ. ಭುಸ್ಸೆಂದದ್ದನ್ನು ಮಾತ್ರ ತುಂಬಿದೆ. ಮುನ್ನೂರಾಗಲಿಲ್ಲ, ನೂರೆಂಬತ್ತಾಯಿತು. ಕ್ಯಾಪ್ಟನ್ ಮುಖ ಊದಿಸಿಕೊಂಡೇ ಹೊತ್ತು ಹೋದ.

ಈಗ ಮಧ್ಯಾಹ್ನ ಸುದ್ದಿ ಬಂತು. ನಮ್ಮವರ ಗುಂಡಿನೇಟಿಗೆ ದಂಡು ಹೊಳೆ ದಾಟಲಿಲ್ಲ.

ಈ ನೆಲ ನಮ್ಮದಾಗುವವರೆಗೆ ನಾನು ಈ ಕೆಲಸ ಬಿಡುವವಳಲ್ಲ. ಸರಿಯಾಗಿ ಊಟ ಮಾಡು, ಅಕ್ಕ. ಮರಿಯಮ್ಮ ತಾಯಿ ನಿನ್ನನ್ನೂ ಹೆಣ್ಣುಮಕ್ಕಳನ್ನೂ ಕಾಯಲಿ.

ನಿನ್ನ
ರುಫೀನಾ

ತಾ.ಕ.: ಅನ್ಸೆಲ್ಮೊ ಎದೆಗೆ ಗುಂಡು ತಗುಲಿ ಹೋದ ಎಂದಷ್ಟೇ ನಿನಗೆ ಹೇಳಿದ್ದಾರೆ. ಅವನ ಎರಡು ತೋಟಾ ನನ್ನ ಕೈಗೇ ವಾಪಸು ಬಂದವು. ಎರಡರ ಹಿಂಬದಿಯಲ್ಲೂ ಬಂದೂಕಿನ ಮೊಳೆ ಬಡಿದ ಕುಳಿ ಇತ್ತು, ಗುಂಡು ಮಾತ್ರ ಒಳಗೇ ಇತ್ತು. ಮಗು ಎರಡು ಸಲ ಹೊಡೆದಿದ್ದಾನೆ, ಎರಡು ಸಲವೂ ಹಾರಿಲ್ಲ. ಆ ವಾರ ಕ್ಯಾಪ್ಟನ್ ಅವಸರ ಮಾಡಿದನೆಂದು ಹಸಿ ಮದ್ದು ತುಂಬಿಕೊಟ್ಟವಳು ನಾನೇ, ಅಕ್ಕ. ಶಾಪ ಹಾಕುವುದಾದರೆ ಹಾಕು, ಆದರೆ ಬರೆಯದೆ ಇರಬೇಡ.